ಕಡಲಾಚೆಯ ಶುಶ್ರೂಷೆ

ಪರದೇಶದ ಆಸ್ಪತ್ರೆಗಳಲ್ಲಿ ದುಡಿಯುವ ನಮ್ಮ ವೈದ್ಯರೂ ದಾದಿಯರೂ ಅಲ್ಲಿ ಗಣೇಶನನ್ನು ಕೂರಿಸಿದರೆಂದೋ, ದೀಪಾವಳಿಗೆ ಹಣತೆ ಹಚ್ಚಿದರೆಂದೋ ಸುದ್ದಿ ಬಂದಾಗ ಊರಿನ ಕಟ್ಟೆಯ ಮೇಲೆ ಒಂದು ಬಗೆಯ ಸಂತೃಪ್ತಿ ಹರಡುತ್ತದೆ. ಎಲ್ಲಿಗೆ ಹೋದರೂ ಸಂಸ್ಕೃತಿಯನ್ನು ಬಿಟ್ಟಿಲ್ಲ ನೋಡಿರಿ ಎಂದು ಹಿರಿಯರು ತಲೆದೂಗುತ್ತಾರೆ. ಸಂತೋಷದ ಮಾತೇ ಸರಿ. ಆದರೆ ಹಬ್ಬ ವರ್ಷಕ್ಕೊಮ್ಮೆ. ವಾರ್ಡಿನ ಪಾಳಿ ನಿತ್ಯದ್ದು. ಆ ಪಾಳಿಯಲ್ಲಿ, ಗುರುತು ಪರಿಚಯವಿಲ್ಲದ ಮುದುಕನೊಬ್ಬನ ಹುಣ್ಣು ತೊಳೆಯುವ ಕೈಯಲ್ಲಿ, ನಮ್ಮ ಪರಂಪರೆಯ ಅಂಶವೇನಾದರೂ ಉಂಟೆ ಎಂದು ನಾವು ಕೇಳುವುದು ಕಡಿಮೆ.

ಕೇಳಿದರೂ ಉತ್ತರ ಸುಲಭವಾಗಿ ದೊರೆಯದು. ಪರಂಪರೆ ಒಂದೇ ದನಿಯಲ್ಲಿ ಮಾತನಾಡಿದುದಲ್ಲ. ಬೌಧಾಯನ ಧರ್ಮಸೂತ್ರವು ಸಮುದ್ರಯಾನವನ್ನು ಪತನಕ್ಕೆ ಕಾರಣವಾಗುವ ಕರ್ಮಗಳ ಸಾಲಿನಲ್ಲಿ ಎಣಿಸಿತು. ಮನುಸ್ಮೃತಿಯು ಚಿಕಿತ್ಸಕನ ಅನ್ನವನ್ನು ಉಣ್ಣಬಾರದೆಂದಿತು. ಶ್ರಾದ್ಧದ ಪಂಕ್ತಿಯಿಂದ ಅವನನ್ನು ಹೊರಗಿಟ್ಟಿತು. ಕಡಲನ್ನು ದಾಟಿ ಹೋಗಿ ರೋಗಿಯ ಮೈ ಮುಟ್ಟುವವರು ಈ ಲೆಕ್ಕದಲ್ಲಿ ಎರಡೆರಡು ಸಲ ಮೈಲಿಗೆಯಾದವರು! ಇದನ್ನು ಮರೆಮಾಚಿ ಗುಣಗಾನಕ್ಕೆ ತೊಡಗುವುದು ವಿದ್ವತ್ತಿಗೆ ತಕ್ಕದ್ದಲ್ಲ.

ಇನ್ನೊಂದು ದನಿಯನ್ನು ಕೇಳಲು ತುರ್ವಿಹಾಳದ ಸೀಮೆಯವರಾದ ನಾವು ಬಹುದೂರ ಹೋಗಬೇಕಾಗಿಲ್ಲ. ಮಸ್ಕಿಯ ಬಂಡೆಯ ಮೇಲೆ 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರನು ಕಂಡ ಶಾಸನವು ಅಶೋಕನ ಹೆಸರನ್ನೇ ಹೊತ್ತು ನಿಂತಿದೆ. ಅದೇ ದೊರೆ ಗಿರ್ನಾರ್, ಎರ್ರಗುಡಿ ಮೊದಲಾದೆಡೆ ಕೊರೆಯಿಸಿದ ಎರಡನೆಯ ಹೆಬ್ಬಂಡೆ ಶಾಸನವನ್ನು ವಾಚಕರು ಒಮ್ಮೆ ನೋಡಬೇಕು. ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಟು ಮಾಡಿದ ಸಂಗತಿ ಅದರಲ್ಲಿದೆ. ತನ್ನ ರಾಜ್ಯದಲ್ಲಷ್ಟೇ ಅಲ್ಲ. ಚೋಳರ, ಪಾಂಡ್ಯರ ನಾಡುಗಳಲ್ಲಿ, ತಾಮ್ರಪರ್ಣಿಯಲ್ಲಿ, ಅತ್ತ ಯವನರಾಜ ಅಂತಿಯೋಕನ ಸೀಮೆಯವರೆಗೂ. ಮೂಲಿಕೆಗಳು ಇಲ್ಲದೆಡೆಗೆ ಅವನ್ನು ತರಿಸಿ ನೆಡಿಸಿದುದನ್ನೂ ಹೇಳಿದೆ. ಅಶೋಕ ಬೌದ್ಧನಾಗಿದ್ದನಲ್ಲವೆ ಎಂದು ಯಾರಾದರೂ ಕೇಳಿಯಾರು. ಆಗಿದ್ದ, ನಮ್ಮವನೂ ಆಗಿದ್ದ.

ಚಿಕಿತ್ಸೆಯ ನಾಲ್ಕು ಪಾದಗಳನ್ನು ಹೇಳುವಾಗ ಚರಕಸಂಹಿತೆಯು ವೈದ್ಯ, ಔಷಧ, ರೋಗಿಗಳ ಸಾಲಿನಲ್ಲಿಯೇ ಪರಿಚಾರಕನನ್ನೂ ಕೂರಿಸಿದೆ. ಅವನಿಗೆ ಬೇಕಾದ ಗುಣಗಳು ಉಪಚಾರದ ಅರಿವು, ದಕ್ಷತೆ, ಶುಚಿತ್ವ, ಮತ್ತು ಅನುರಾಗ. ಈ ಕೊನೆಯ ಮಾತನ್ನು ಶಾಸ್ತ್ರಗ್ರಂಥವೊಂದು ಅರ್ಹತೆಯ ಪಟ್ಟಿಯಲ್ಲಿ ಸೇರಿಸಿದೆಯೆಂಬುದು ನನಗೆ ಇಂದಿಗೂ ಬೆರಗು. ಬಳ್ಳಿಗಾವೆಯ ಕೋಡಿಮಠವನ್ನು ಕುರಿತ 1162ರ ಶಾಸನವು ಆ ಶೈವಮಠವನ್ನು ಅನಾಥರೋಗಿಗಳಿಗೆ ಮದ್ದು ದೊರೆಯುವ ತಾಣವೆಂದು ಬಣ್ಣಿಸುತ್ತದೆ. ಅಲ್ಲಿ ಅನ್ನ ಉಂಡವರಲ್ಲಿ ಜೈನ ಕ್ಷಪಣಕರೂ ಇದ್ದರು. ಅದೇ ಶತಮಾನದ ಶರಣರ ಸಾಲಿನಲ್ಲಿ ವೈದ್ಯ ಸಂಗಣ್ಣನಿದ್ದಾನೆ. ಮನು ಪಂಕ್ತಿಯಿಂದೆಬ್ಬಿಸಿದವನನ್ನು ಕಲ್ಯಾಣವು ಕಾಯಕದ ಹೆಸರಿನಿಂದಲೇ ಕರೆದು ಕೂರಿಸಿತು.

ಆ ಕಲ್ಯಾಣದ ನೆನಪು ಇಂದು ಥೇಮ್ಸ್ ನದಿಯ ದಂಡೆಯಲ್ಲಿದೆ. ಕಲಬುರ್ಗಿ ಸೀಮೆಯಿಂದ ಆಂಗ್ಲನಾಡಿಗೆ ಹೋಗಿ ಅಲ್ಲಿನ ಸರಕಾರಿ ಆರೋಗ್ಯ ಸೇವೆಯಲ್ಲಿ ದುಡಿದ ವೈದ್ಯ ನೀರಜ್ ಪಾಟೀಲರು ಲ್ಯಾಂಬೆತ್‌ನ ಮೇಯರರೂ ಆಗಿದ್ದರು. ಅವರ ಪ್ರಯತ್ನದಿಂದ ಪಾರ್ಲಿಮೆಂಟಿಗೆ ಎದುರಾಗಿ ನಿಂತ ಬಸವೇಶ್ವರರ ಪ್ರತಿಮೆಯು 2015ರ ನವೆಂಬರ್ 14ರಂದು ಅನಾವರಣಗೊಂಡಿತು. ಅದೇ ವರ್ಷದ ಏಪ್ರಿಲ್‌ನಲ್ಲಿ, ಮಂಡ್ಯದ ಹಲ್ಲೆಗೆರೆಯ ಮನೆತನದ ವಿವೇಕ್ ಮೂರ್ತಿಯವರು ಅಮೆರಿಕದ ಸರ್ಜನ್ ಜನರಲ್ ಆಗಿ ಭಗವದ್ಗೀತೆಯ ಮೇಲೆ ಕೈಯಿಟ್ಟು ಪ್ರಮಾಣವಚನ ಸ್ವೀಕರಿಸಿದ್ದರು. ನಮ್ಮ ಪತ್ರಿಕೆಗಳು ಗೀತೆಯನ್ನು ಸಂಭ್ರಮದಿಂದ ಬರೆದವು. ಎರಡನೆಯ ಸಲ ಅದೇ ಹುದ್ದೆಯಲ್ಲಿದ್ದಾಗ, 2023ರಲ್ಲಿ, ಒಂಟಿತನವೂ ಒಂದು ವ್ಯಾಧಿಯೆಂಬಂತೆ ಅವರು ದೇಶವನ್ನು ಎಚ್ಚರಿಸಿದರು. ನನ್ನ ಮಟ್ಟಿಗೆ ಪ್ರಮಾಣವಚನಕ್ಕಿಂತ ಇದೇ ದೊಡ್ಡ ಸುದ್ದಿ.

ಪ್ರತಿಮೆಗೆ ಕೈಮುಗಿಯುವ ನಾವು ಮನೆಯಲ್ಲಿ ಯಾರ ಪಕ್ಷ? ನನ್ನ ಕಾಲೇಜಿನ ಹಳೆಯ ವಿದ್ಯಾರ್ಥಿನಿಯೊಬ್ಬಳು ಶುಶ್ರೂಷೆಯ ಶಿಕ್ಷಣ ಮುಗಿಸಿದಾಗ ಬಂದಿದ್ದ ಸಂಬಂಧವೊಂದು ಮುರಿಯಿತು. ಕಂಡಕಂಡವರ ಮೈ ಮುಟ್ಟುವ ಕೆಲಸ, ಅದೂ ರಾತ್ರಿಯ ಹೊತ್ತು ಎಂದರಂತೆ ಗಂಡಿನ ಕಡೆಯವರು. ಲಿಂಗಪೂಜೆ ತಪ್ಪಿಸದ ಮನೆತನ ಅದು. ಮನುವನ್ನು ಅವರು ಓದಿದವರಲ್ಲ. ಓದದೆಯೂ ಅವನು ಕೆಲವರ ನಾಲಗೆಯ ಮೇಲಿರುತ್ತಾನೆ. ಹುಡುಗಿ ಕೊಲ್ಲಿಯ ನಾಡಿಗೆ ಹೋದಳು. ಹಣ ಬಂತು, ಮನೆಗೆ ಮಾಳಿಗೆ ಬಂತು. ಈಗ ಅದೇ ಓಣಿಯಲ್ಲಿ ಅವಳ ಹೆಸರನ್ನು ಹೆಮ್ಮೆಯಿಂದ ಹೇಳುತ್ತಾರೆ. ಹೆಮ್ಮೆ ಮಾಳಿಗೆಯದೋ ಕೆಲಸದ್ದೋ, ನಾನು ಕೇಳಲಿಲ್ಲ.

ರಜೆಗೆ ಬಂದಾಗ ಅವಳು ಕಾಲೇಜಿಗೂ ಬಂದಿದ್ದಳು. ಪೂಜೆ, ಹಬ್ಬ, ಉಪವಾಸಗಳ ಬಗೆಗೆ ನಾನು ಕೇಳಿದೆ. ನಕ್ಕು, ಆದಾಗ ಮಾಡುತ್ತೇನೆ ಸರ್ ಎಂದಳು. ಅಂಗಿಯ ಜೇಬಿಗೆ ಹಿಡಿಯುವಷ್ಟು ಚಿಕ್ಕದಾದ ಟಿಪ್ಪಣಿ ಪುಸ್ತಕವೊಂದನ್ನು ತೆಗೆದು ತೋರಿಸಿದಳು. ಮೊದಲ ತಿಂಗಳು, ಭಾಷೆ ಬಾರದ ವಾರ್ಡಿನಲ್ಲಿ, ಅರಬ್ಬಿಯ ಮಾತುಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡದ್ದು. ಅಲಂ ಎಂದರೆ ನೋವು. ಮಾಯ್ ಎಂದರೆ ನೀರು. ಹೆದರಬೇಡ ಎಂಬುದನ್ನು ಮಾತ್ರ ಎರಡು ಸಲ ಬರೆದಿದ್ದಳು: ಗಂಡಸಿಗೆ ಲಾ ತಖಫ್, ಹೆಂಗಸಿಗೆ ಲಾ ತಖಾಫೀ.