ಕರಿಯ ಕಾಯುವುದು ಕಲಿತ

ನಮ್ಮೂರು ಸಕಲೇಶಪುರದಿಂದ ಶಿರಾಡಿ ಘಾಟಿಗೆ ಹೋಗುವ ದಾರಿಯಲ್ಲಿರುವ ಮಾರನಹಳ್ಳಿ. ಬಿ.ಇಡಿ ಮುಗಿಸಿ, ಟಿಇಟಿ ಬರೆದು, ನೇಮಕಾತಿಗೆ ಕಾಯುತ್ತಾ ಮನೆಯಲ್ಲಿದ್ದ ನನಗೆ ಸಿಕ್ಕ ಮೊದಲ ವಿದ್ಯಾರ್ಥಿ ನಮ್ಮ ನಾಯಿ ಕರಿಯ.

ಅಜ್ಜಿ ಅಕ್ಕಿರೊಟ್ಟಿ ಸುಡಲು ಕೂತರೆ ಸಾಕು, ಅವನ ಬೊಗಳಾಟ ಶುರು. ಕಿರಿಕಿರಿ ತಾಳಲಾರದೆ ಯಾರಾದರೂ ಒಂದು ತುಂಡು ಎಸೆಯುತ್ತಿದ್ದರು. ತಿಂದು ಮತ್ತೆ ಬೊಗಳುತ್ತಿದ್ದ. ಮಳೆಗಾಲದ ಒಂದು ರಾತ್ರಿ ಬೊಗಳಿದಾಗಲೂ 'ರೊಟ್ಟಿಗೇ ಇರಬೇಕು' ಎಂದು ಮುಸುಕೆಳೆದು ಮಲಗಿದೆವು. ಬೆಳಿಗ್ಗೆ ನೋಡಿದರೆ ಹಿತ್ತಿಲ ಬಾಳೆಯೆಲ್ಲ ನೆಲಸಮ, ಕೆಸರಲ್ಲಿ ಆನೆ ಹೆಜ್ಜೆ!

ಆಗ ಟಿಇಟಿಗೆ ಓದಿದ್ದ ಸ್ಕಿನ್ನರ್ ನೆನಪಾದರು. ಪ್ರತಿಫಲ ಸಿಕ್ಕ ವರ್ತನೆ ಗಟ್ಟಿಯಾಗುತ್ತದೆ, ಸಿಗದಿದ್ದರೆ ನಿಧಾನವಾಗಿ ಕರಗುತ್ತದೆ ಎಂದು ಅವರು ಇಲಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದರು. ಅಂದರೆ ಕರಿಯನಿಗೆ ಬೊಗಳುವ ಪಾಠ ಹೇಳಿದ್ದು ನಾವೇ.

ಮಾರನೇ ದಿನದಿಂದ ಹೊಸ ಪಾಠ. ರೊಟ್ಟಿಗಾಗಿ ಬೊಗಳಿದರೆ ಬೈಯುವುದಿಲ್ಲ, ನೋಡುವುದೂ ಇಲ್ಲ. ಬೈಗುಳವೂ ಅವನಿಗೆ ಮಾತನಾಡಿಸಿದಂತೆಯೇ. ಉಸಿರೆಳೆದುಕೊಳ್ಳಲು ಸುಮ್ಮನಾದ ಕ್ಷಣವೇ ತುಂಡು ಕೊಡುವುದು. ಮೊದಲು ಎರಡು ಸೆಕೆಂಡ್, ಆಮೇಲೆ ಐದು, ಹತ್ತು, ಮೂವತ್ತು. ಮೊದಲ ಮೂರು ದಿನ ಬೊಗಳಾಟ ಇಮ್ಮಡಿಯಾಯಿತು. ಇಷ್ಟು ದಿನ ನಡೆದಿದ್ದು ಈಗೇಕೆ ನಡೆಯುತ್ತಿಲ್ಲ ಎಂಬ ಹಟ ಅದು. ಬಹಳಷ್ಟು ಜನ ಸೋಲುವುದು ಇಲ್ಲೇ.

ನಮ್ಮಲ್ಲಿ ಸೋತವರು ಅಜ್ಜಿ. 'ಪಾಪ, ಮೂಕಪ್ರಾಣಿ ಕಣೋ' ಎನ್ನುತ್ತಾ ಕದ್ದು ರೊಟ್ಟಿ ಹಾಕುತ್ತಿದ್ದರು. 'ಅಜ್ಜಿ, ಇವನು ಮೂಕನಾಗಿದ್ದರೆ ಈ ಕಷ್ಟ ಇರುತ್ತಿತ್ತಾ?' ಎಂದೆ. ಆಗೊಮ್ಮೆ ಈಗೊಮ್ಮೆ ಸಿಗುವ ಪ್ರತಿಫಲ ಚಟವನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ ಎಂದು ವಿವರಿಸಿದೆ. ಕೊನೆಗೆ ಸುಮ್ಮನೆ ಕೂತಾಗ ರೊಟ್ಟಿ ಕೊಡುವ ಅಧಿಕಾರವನ್ನು ಅವರಿಗೇ ಒಪ್ಪಿಸಿದೆ. ಆಮೇಲೆ ನನಗಿಂತ ಅವರೇ ಕಟ್ಟುನಿಟ್ಟು! ಹಸಿವು, ನೋವು, ಅಪರಿಚಿತರ ಸುಳಿವಿಗೆ ಬೊಗಳಿದರೆ ಮಾತ್ರ ಎದ್ದು ನೋಡಲೇಬೇಕೆಂದು ಎಲ್ಲರೂ ಒಪ್ಪಿಕೊಂಡೆವು.

ತಿಂಗಳೊಳಗೆ ಕರಿಯ ಅಡುಗೆಮನೆ ಹೊಸ್ತಿಲಲ್ಲಿ ಮುಂಗಾಲ ಮೇಲೆ ಗಲ್ಲ ಇಟ್ಟು ಕಾಯತೊಡಗಿದ.

ಮೊನ್ನೆ ನಸುಕಿನಲ್ಲಿ ಇದ್ದಕ್ಕಿದ್ದಂತೆ ಬೊಗಳಿದ. ಈ ಸಲ ಎಲ್ಲರೂ ಎದ್ದೆವು. ಅಪ್ಪ ಬಾಗಿಲು ತೆಗೆಯದೆ ಕಿಟಕಿಯಿಂದ ಇಣುಕಿದರೆ ಕಾಫಿ ಗಿಡಗಳ ನಡುವೆ ಎರಡು ದೊಡ್ಡ ಕರಿ ಬೆನ್ನು. ಕೆಲಸಕ್ಕೆ ಹೊರಡುವ ಹೊತ್ತಾಗಿದ್ದರಿಂದ ಲೈನ್ ಮನೆಯವರಿಗೆ ಕೂಡಲೇ ಫೋನ್ ಮಾಡಿ, 'ಯಾರೂ ಹೊರಗೆ ಬರಬೇಡಿ' ಎಂದೆ.

ಅವತ್ತು ಕರಿಯನಿಗೆ ಇಡೀ ರೊಟ್ಟಿ ಸಿಕ್ಕಿತು. ನನ್ನ ನೇಮಕಾತಿ ಸುದ್ದಿ ಇನ್ನೂ ಬಂದಿಲ್ಲ. ಅವನ ಪಕ್ಕದಲ್ಲೇ ಕೂತು ನಾನೂ ಕಾಯುತ್ತಿದ್ದೇನೆ, ಬೊಗಳದೆ!