‘ಕಿಂಡರ್‌ಗಾರ್ಟನ್’: ಒಂದು ಬಹುವಚನದ ಬರಹ ಮತ್ತು ಅರ್ಥ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಮತ್ತು ಚಿಂಚೋಳಿ ಪರಿಸರದ ಭಾಷಿಕ ಸಂಕರವನ್ನು ಕುರಿತ ಚರ್ಚೆಗಳು ಸಾಮಾನ್ಯವಾಗಿ ಉರ್ದು, ಮರಾಠಿ, ತೆಲುಗು ಮತ್ತು ಲಂಬಾಣಿ ಭಾಷೆಗಳ ಸುತ್ತಲೇ ನಡೆಯುತ್ತವೆ. ಆದರೆ ಈ ಪಟ್ಟಣಗಳ ಶಾಲಾ ಫಲಕಗಳಲ್ಲಿ ಜರ್ಮನ್ ಬಹುವಚನ ನಾಮಪದವೊಂದು ಎರಡು ಅಕ್ಷರಗಳೊಳಗೆ ಅಡಗಿ ಕುಳಿತಿರುವುದನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ‘ಎಲ್.ಕೆ.ಜಿ.’, ‘ಯು.ಕೆ.ಜಿ.’ ಎಂಬ ಸಂಕ್ಷಿಪ್ತ ರೂಪಗಳಲ್ಲಿನ ‘ಕೆ.ಜಿ.’ಯೇ ಆ ಪದ. ಇದರ ಪೂರ್ಣರೂಪ ‘ಕಿಂಡರ್‌ಗಾರ್ಟನ್’.

ಜರ್ಮನಿಯ ಶಿಕ್ಷಣ ಚಿಂತಕ ಫ್ರೀಡ್ರಿಕ್ ಫ್ರೋಬೆಲ್ (1782–1852) ಬ್ಲಾಂಕೆನ್‌ಬುರ್ಗ್‌ನಲ್ಲಿ ತಾನು ನಡೆಸುತ್ತಿದ್ದ ಶಿಶುಶಿಕ್ಷಣ ಸಂಸ್ಥೆಗೆ 1840ರಲ್ಲಿ ಈ ಹೆಸರನ್ನಿಟ್ಟನು. ಇದೊಂದು ಸಮಾಸಪದ. ‘ಕಿಂಡ್’ ಎಂದರೆ ಮಗು; ‘ಕಿಂಡರ್’ ಅದರ ಬಹುವಚನ, ಅಂದರೆ ಮಕ್ಕಳು. ‘ಗಾರ್ಟನ್’ ಎಂದರೆ ತೋಟ. ಹೀಗಾಗಿ ಪದದ ಅರ್ಥ ‘ಮಕ್ಕಳ ತೋಟ’. ಮಕ್ಕಳು ಸಸಿಗಳು, ಕಲಿಸುವವರು ತೋಟಗಾರರು ಎಂಬ ಫ್ರೋಬೆಲನ ಕಲ್ಪನೆಗೆ ಈ ಬಹುವಚನ ಅಗತ್ಯವಾಗಿತ್ತು; ಒಂದೇ ಸಸಿಯಿಂದ ತೋಟವಾಗುವುದಿಲ್ಲ.

ಬರಹದ ಪ್ರಶ್ನೆಯೂ ಇಲ್ಲಿ ಮುಖ್ಯವಾದುದು. ಕನ್ನಡದಲ್ಲಿ ‘ಕಿಂಡರ್‌ಗಾರ್ಟನ್’, ‘ಕಿಂಡರ್‌ಗಾರ್ಡನ್’ ಎಂಬ ಎರಡು ರೂಪಗಳೂ ಕಾಣಸಿಗುತ್ತವೆ. ಎರಡನೆಯದು ಇಂಗ್ಲಿಷಿನ ‘ಗಾರ್ಡನ್’ ಶಬ್ದದ ಪರಿಚಯದಿಂದ ಹುಟ್ಟಿದ ರೂಪ. ಅರ್ಥ ಒಂದೇ ಆದರೂ ಮೂಲದಲ್ಲಿರುವುದು ಟಕಾರವಾದ್ದರಿಂದ ‘ಕಿಂಡರ್‌ಗಾರ್ಟನ್’ ಎಂದು ಬರೆಯುವುದೇ ಸಾಧುವಾದುದು. ಇಡೀ ಸಮಾಸವನ್ನು ಬಹುವಚನಕ್ಕೆ ತಂದಾಗ ಜರ್ಮನ್ ಭಾಷೆಯಲ್ಲಿ ಪ್ರತ್ಯಯ ಸೇರುವುದಿಲ್ಲ; ಒಳಗಿನ ಸ್ವರವೇ ಬದಲಾಗಿ ‘ಕಿಂಡರ್‌ಗೆರ್ಟನ್’ ಎಂದಾಗುತ್ತದೆ. ಬರಹದಲ್ಲಿ ‘ಆ’ಕಾರದ ಅಕ್ಷರದ ಮೇಲೆ ಎರಡು ಚುಕ್ಕೆಗಳನ್ನಿಟ್ಟು ಈ ವ್ಯತ್ಯಾಸವನ್ನು ಸೂಚಿಸುತ್ತಾರೆ. ಆ ಚುಕ್ಕೆಗಳು ಅಲಂಕಾರವಲ್ಲ, ವಚನಸೂಚಕಗಳು.

ಪದದೊಳಗೇ ಬದಲಾವಣೆಯಾಗಿ ಬಹುವಚನ ಸಿದ್ಧಿಸುವುದು ಕನ್ನಡಿಗರಿಗೆ ಅಪರಿಚಿತವೇನಲ್ಲ. ‘ಮರ–ಮರಗಳು’ ಎಂಬಂತೆ ‘ಮಗು–ಮಗುಗಳು’ ಎಂದಾಗುವುದಿಲ್ಲ, ‘ಮಕ್ಕಳು’ ಎಂದಾಗುತ್ತದೆ. ಗಕಾರವಿದ್ದಲ್ಲಿ ಕಕಾರದ ದ್ವಿತ್ವ ಕಾಣಿಸಿಕೊಳ್ಳುತ್ತದೆ. ಎರಡು ಭಾಷೆಗಳಿಗೂ ಕುಲಸಂಬಂಧವಿಲ್ಲ, ಎರಡರ ಪ್ರಕ್ರಿಯೆಯೂ ಬೇರೆ ಬೇರೆ. ಆದರೂ ‘ಗಳು’ ಪ್ರತ್ಯಯವನ್ನು ‘ಗೋಳು’ ಎಂದು ಉಚ್ಚರಿಸುವ ಈ ಭಾಗದ ಮಾತುಗಾರರು ಕೂಡ ‘ಮಗುಗೋಳು’ ಎನ್ನದೆ ‘ಮಕ್ಳು’ ಎಂದೇ ಹೇಳುತ್ತಾರೆ. ಬಹುಬಳಕೆಯ ಪದಗಳು ತಮ್ಮ ಅನಿಯತ ರೂಪಗಳನ್ನು ಬಿಟ್ಟುಕೊಡುವುದಿಲ್ಲವೆಂಬುದಕ್ಕೆ ಎರಡೂ ಭಾಷೆಗಳು ನಿದರ್ಶನ ಒದಗಿಸುತ್ತವೆ.

ಎರವಲು ಪದಗಳ ವಿಷಯ ಇದಕ್ಕಿಂತ ಭಿನ್ನ. ಅನ್ಯಭಾಷೆಯ ಸಮಾಸವೊಂದು ಇಡಿಯಾಗಿ ಬಂದಾಗ ಅದರೊಳಗಿನ ವ್ಯಾಕರಣ ಮರೆಯಾಗುತ್ತದೆ. ‘ಕೆ.ಜಿ. ಮಕ್ಕಳು’ ಎಂಬ ಪ್ರಯೋಗದಲ್ಲಿ ಮಕ್ಕಳು ಎರಡು ಬಾರಿ ಬಂದಿದ್ದಾರೆ. ಮೊದಲ ಬಾರಿ ಬಂದವರು ಯಾರಿಗೂ ಕಾಣುವುದಿಲ್ಲ. ಸೇಡಂ ತಾಲ್ಲೂಕಿನ ಮಳಖೇಡ, ಅಂದರೆ ಅಂದಿನ ಮಾನ್ಯಖೇಟದ ಆಸ್ಥಾನದಲ್ಲಿ ಒಂಬತ್ತನೆಯ ಶತಮಾನದಲ್ಲಿ ರಚಿತವಾದ ‘ಕವಿರಾಜಮಾರ್ಗ’ವು ಸಂಸ್ಕೃತ ಮತ್ತು ಕನ್ನಡ ಪದಗಳನ್ನು ಅರಿಯದೆ ಸಮಾಸಗೊಳಿಸುವುದನ್ನು ಆಕ್ಷೇಪಿಸಿತ್ತು. ಅಲ್ಲಿನ ಸಮಸ್ಯೆ ಎರಡು ನುಡಿಗಳ ಅರಿವಿಲ್ಲದ ಬೆರಕೆ; ಇಲ್ಲಿಯದು ಅರ್ಥದ ಅರಿವಿಲ್ಲದ ಸ್ವೀಕಾರ.

ಈ ಅರಿವಿನ ಕೊರತೆಗೆ ಸಾಮಾಜಿಕ ಪರಿಣಾಮವೂ ಇದೆ. ತಾರಾಬಾಯಿ ಮೋಡಕ್ ಅವರು 1945ರಲ್ಲಿ ಮಹಾರಾಷ್ಟ್ರದ ಕರಾವಳಿಯ ಬೋರ್ಡಿಯಲ್ಲಿ ಗ್ರಾಮೀಣ ಮಕ್ಕಳಿಗಾಗಿ ‘ಬಾಲವಾಡಿ’ಯ ಪ್ರಯೋಗವನ್ನು ಕೈಗೊಂಡರು. ಮರಾಠಿಯಲ್ಲಿ ‘ವಾಡಿ’ ಎಂಬುದಕ್ಕೆ ಸಣ್ಣ ಊರು ಎಂಬ ಅರ್ಥವಿರುವಂತೆಯೇ ಬೇಲಿ ಹಾಕಿದ ತೋಟ ಎಂಬ ಅರ್ಥವೂ ಇದೆ. ಸಂಸ್ಕೃತದ ‘ವಾಟಿಕಾ’ ಇದರ ಮೂಲ. 1874ರಲ್ಲಿ ನಿಜಾಮ್ ರೈಲುಮಾರ್ಗ ತೆರೆದಂದಿನಿಂದ ಹೆಸರುವಾಸಿಯಾದ ವಾಡಿ ಜಂಕ್ಷನ್ನಿನ ಜನರಿಗೆ ಈ ಶಬ್ದರೂಪ ಹೊಸದಲ್ಲ. ಅಂದರೆ ‘ಬಾಲವಾಡಿ’ ಎಂಬುದು ‘ಕಿಂಡರ್‌ಗಾರ್ಟನ್’ನ ಸಮಾನಾರ್ಥಕ ಪದ. 1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ‘ಅಂಗನವಾಡಿ’ಯಲ್ಲಿಯೂ ಅದೇ ‘ವಾಡಿ’ ಇದೆ. ಅಲ್ಲಿ ಮಕ್ಕಳ ಸ್ಥಾನದಲ್ಲಿ ಮನೆಯ ಅಂಗಳ ಬಂದಿದೆ.

ಆದರೆ ವ್ಯವಹಾರದಲ್ಲಿ ‘ಕೆ.ಜಿ.’ ಪ್ರತಿಷ್ಠೆಯ ಪದವಾಗಿ, ‘ವಾಡಿ’ ಬಡವರ ಪದವಾಗಿ ನಿಂತಿದೆ. 2024ರಲ್ಲಿ ಕಲ್ಯಾಣ ಕರ್ನಾಟಕದ ಆಯ್ದ ಸರ್ಕಾರಿ ಶಾಲೆಗಳಲ್ಲಿ ಎಲ್.ಕೆ.ಜಿ., ಯು.ಕೆ.ಜಿ. ತರಗತಿಗಳನ್ನು ತೆರೆಯಲು ಸರ್ಕಾರ ಮುಂದಾದಾಗ, ತಮ್ಮ ಕೇಂದ್ರಗಳು ಬರಿದಾಗುತ್ತವೆಂದು ಅಂಗನವಾಡಿ ಕಾರ್ಯಕರ್ತೆಯರು ವಿರೋಧ ವ್ಯಕ್ತಪಡಿಸಿದರು. ಆ ವಿವಾದದ ಬೇರುಗಳು ವೇತನ, ಹುದ್ದೆ ಮತ್ತು ಇಂಗ್ಲಿಷ್ ಕಲಿಕೆಯ ಹಂಬಲದಲ್ಲಿವೆ. ಕೇವಲ ಪದಚರ್ಚೆಯಿಂದ ಅದು ಬಗೆಹರಿಯುವಂಥದಲ್ಲ. ಆದರೆ ಎರಡು ಹೆಸರುಗಳೂ ಒಂದೇ ತೋಟವನ್ನು ಕುರಿತು ಹೇಳುತ್ತವೆಂಬುದನ್ನು ನಿರುಕ್ತಿ ತೋರಿಸಿಕೊಡಬಲ್ಲದು. ಒಂದನ್ನು ಮೇಲೆಂದೂ ಇನ್ನೊಂದನ್ನು ಕೀಳೆಂದೂ ಎಣಿಸಲು ಪದಗಳಲ್ಲಿ ಆಧಾರವಿಲ್ಲ. ಆ ತಾರತಮ್ಯ ಪದಗಳ ಹೊರಗಿನಿಂದ ಬಂದುದು.