ಕೃತಿಯ ಆಶಯವನ್ನು ಗುರುತಿಸುವ ಬಗೆ

ಒಂದು ಕತೆಯನ್ನಾಗಲಿ ಕಾವ್ಯವನ್ನಾಗಲಿ ಓದಿ ಮುಗಿಸಿದ ವಿದ್ಯಾರ್ಥಿಯು ತನಗೆ ತಾನೇ ಎರಡು ಪ್ರಶ್ನೆಗಳನ್ನು ಹಾಕಿಕೊಳ್ಳಬೇಕು. ಈ ಕೃತಿಯು ಯಾವುದನ್ನು ಕುರಿತದ್ದು? ಅದನ್ನು ಕುರಿತು ಇದು ಏನನ್ನು ಹೇಳುತ್ತದೆ? ಮೊದಲನೆಯ ಪ್ರಶ್ನೆಯ ಉತ್ತರವೇ ಕೃತಿಯ ವಸ್ತು. ಎರಡನೆಯದರ ಉತ್ತರವೇ ಆಶಯ. ವಸ್ತುವನ್ನು ಒಂದೆರಡು ಪದಗಳಲ್ಲಿ ಹೇಳಬಹುದು. ಆಶಯವನ್ನು ಹೇಳಲು ಪೂರ್ಣ ವಾಕ್ಯವೇ ಬೇಕು.

ಕನ್ನಡ ನಾಡಿನಲ್ಲಿ ಮನೆಮಾತಾಗಿರುವ ‘ಗೋವಿನ ಹಾಡ’ನ್ನು ಉದಾಹರಣೆಯಾಗಿ ನೋಡಬಹುದು. ಹಸಿದ ಹುಲಿಯು ಪುಣ್ಯಕೋಟಿಯೆಂಬ ಹಸುವನ್ನು ಅಡ್ಡಗಟ್ಟುತ್ತದೆ. ಕರುವಿಗೆ ಹಾಲುಣಿಸಿ ಮರಳಿ ಬರುವೆನೆಂದು ಹಸು ಮಾತು ಕೊಡುತ್ತದೆ. ಕೊಟ್ಟ ಮಾತಿನಂತೆ ಬರುತ್ತದೆ. ಹುಲಿಯು ಅದನ್ನು ತಿನ್ನಲಾರದೆ ತನ್ನ ಪ್ರಾಣವನ್ನೇ ಬಿಡುತ್ತದೆ. ಈ ಹಾಡಿನ ವಸ್ತು ಸತ್ಯಪಾಲನೆ. ಹಾಗಾದರೆ ಆಶಯವೇನು?

‘ಸತ್ಯಕ್ಕೆ ಜಯ’ ಎಂದು ಅನೇಕರು ಥಟ್ಟನೆ ಉತ್ತರಿಸುತ್ತಾರೆ. ಈ ಉತ್ತರವನ್ನು ಹಾಡಿನೊಡನೆ ಹೋಲಿಸಿ ನೋಡಬೇಕು. ಪುಣ್ಯಕೋಟಿಯು ಗೆಲ್ಲುವ ಆಸೆಯಿಂದ ಗುಹೆಗೆ ಮರಳಲಿಲ್ಲ. ಸಾವು ನಿಶ್ಚಯವೆಂದು ತಿಳಿದೇ ಮರಳಿತು. ಒಂದು ವೇಳೆ ಹುಲಿಯು ಅದನ್ನು ತಿಂದಿದ್ದರೆ ಅದರ ನಡತೆಯ ಹಿರಿಮೆ ಕುಂದುತ್ತಿತ್ತೇ? ಇಲ್ಲ. ಅಲ್ಲದೆ, ಹುಲಿಯನ್ನು ಯಾರೂ ಸೋಲಿಸಲಿಲ್ಲ. ಅದರ ಮನಸ್ಸೇ ಬದಲಾಯಿತು. ‘ಸತ್ಯಕ್ಕೆ ಜಯ’ ಎಂಬ ಮಾತಿನಲ್ಲಿ ಇವೆರಡಕ್ಕೂ ಎಡೆಯಿಲ್ಲ. ತಾಯಿಯನ್ನು ತಡೆಯುವ ಕರುವಿನ ಮೊರೆಗೂ ಅದರಲ್ಲಿ ಎಡೆಯಿಲ್ಲ. ಸತ್ಯಕ್ಕಾಗಿ ತೆರಬೇಕಾದ ಬೆಲೆ ಎಷ್ಟೆಂಬುದನ್ನು ತೋರಿಸುವುದು ಆ ಮೊರೆಯೇ. ಆದುದರಿಂದ, ‘ಪ್ರಾಣಕ್ಕಿಂತಲೂ ಕರುಳಿನ ಕರೆಗಿಂತಲೂ ಮಾತನ್ನು ಹಿರಿದೆಂದು ನಡೆದವರ ಸತ್ಯವು ಕ್ರೂರಿಯ ಅಂತಃಕರಣವನ್ನೂ ಎಚ್ಚರಿಸಬಲ್ಲದು’ ಎಂಬ ವಾಕ್ಯವು ಹಾಡಿಗೆ ಹೆಚ್ಚು ಹೊಂದುತ್ತದೆ.

ವಸ್ತು ಒಂದೇ ಆದ ಮಾತ್ರಕ್ಕೆ ಆಶಯವೂ ಒಂದೇ ಆಗಬೇಕಿಲ್ಲ. ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ದ ವಸ್ತುವೂ ಸತ್ಯಪಾಲನೆಯೇ. ಆದರೆ ಅಲ್ಲಿ ಪರೀಕ್ಷೆ ಒಂದು ದಿನಕ್ಕೆ ಮುಗಿಯುವುದಿಲ್ಲ. ರಾಜ್ಯ ಹೋಗುತ್ತದೆ, ಹೆಂಡತಿಯನ್ನೂ ಮಗನನ್ನೂ ಮಾರಬೇಕಾಗುತ್ತದೆ, ಅರಸನು ಸುಡುಗಾಡನ್ನು ಕಾಯಬೇಕಾಗುತ್ತದೆ. ಮಾತಿಗೆ ಕಟ್ಟುಬಿದ್ದವನು ಹರಿಶ್ಚಂದ್ರನೊಬ್ಬನೇ. ಬೆಲೆ ತೆತ್ತವರು ಚಂದ್ರಮತಿ ಮತ್ತು ಲೋಹಿತಾಶ್ವರೂ ಹೌದು. ಸತ್ಯವನ್ನು ಒಮ್ಮೆ ಆರಿಸಿಕೊಂಡರೆ ಸಾಲದು, ಪ್ರತಿಯೊಂದು ಸಂಕಟದಲ್ಲಿಯೂ ಮತ್ತೆ ಆರಿಸಿಕೊಳ್ಳಬೇಕು ಎಂಬ ಭಾವವು ಅಲ್ಲಿ ಪ್ರಧಾನವಾಗಿದೆ.

ಆಶಯವನ್ನು ಹುಡುಕುವವರು ಮುಖ್ಯಪಾತ್ರವು ಎದುರಿಸುವ ಸಂಕಟವಾವುದು, ಅದು ಏನನ್ನು ಆರಿಸಿಕೊಳ್ಳುತ್ತದೆ, ಅದಕ್ಕಾಗಿ ಏನನ್ನು ಕಳೆದುಕೊಳ್ಳುತ್ತದೆ, ಕೊನೆಗೆ ಯಾರಲ್ಲಿ ಬದಲಾವಣೆಯಾಗುತ್ತದೆ ಎಂಬುದನ್ನು ಗಮನಿಸಬೇಕು. ಬಳಿಕ ತಮಗೆ ತೋರಿದ ಆಶಯವನ್ನು ಸ್ವಂತ ಮಾತಿನಲ್ಲಿ ಬರೆದು, ಕೃತಿಯ ಯಾವ ಭಾಗವಾದರೂ ಅದಕ್ಕೆ ಹೊರತಾಗಿದೆಯೇ ಎಂದು ಪರೀಕ್ಷಿಸಬೇಕು. ಇಬ್ಬರು ಓದುಗರ ವಾಕ್ಯಗಳು ಬೇರೆ ಬೇರೆಯಾಗಿರಬಹುದು, ಅದು ದೋಷವಲ್ಲ. ಆದರೆ ಎರಡಕ್ಕೂ ಕೃತಿಯಲ್ಲಿಯೇ ಆಧಾರವಿರಬೇಕು.